ಹೊಟ್ಟೆಯೊಳಗಿನ ಸುದ್ದಿ

ಸುದ್ದಿ ಒಂದು ಹಾಳೆಯ ಮೇಲೆ ಬಂತು. ಇಂಗ್ಲಿಷಿನ ಐದಾರು ಸಾಲು, ಕೆಳಗೊಂದು ಕಪ್ಪು ಚಿತ್ರ. ಕೋರಮಂಡಲ್‌ನ ಲೈನ್ ಮನೆಯಲ್ಲಿ ಆ ಹಾಳೆ ಕೈಯಿಂದ ಕೈಗೆ ದಾಟಿತು. ಆ ಮನೆಯೊಳಗೆ ತಮಿಳು, ಬೀದಿಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ. ಮೂರು ಭಾಷೆ ಬಲ್ಲವರಿಗೂ ಅದು ಅರ್ಥವಾಗಲಿಲ್ಲ. ಸ್ಕ್ಯಾನ್ ಮಾಡಿದವರು ಹೇಳಿ ಕಳಿಸಿದ್ದು ಒಂದೇ ಮಾತು: "ಮಗೂಗೆ ಕಿಡ್ನಿ ಪ್ರಾಬ್ಲಮ್ ಐತೆ, ದೊಡ್ಡಾಸ್ಪತ್ರೆಗೆ ತೋರ್ಸಿ." ಮುಂದಿನ ಹೆಂಗಸನ್ನು ಕರೆದರು. ಅಷ್ಟೆ.

ಆ ಮನೆಯ ಸೊಸೆ ನನ್ನ ಅಕ್ಕನ ಮಗಳು. ಅವಳಿಗೆ ಐದೂವರೆ ತಿಂಗಳು. ಅವಳ ಗಂಡ ಬೆಳಗಿನ ಕತ್ತಲಲ್ಲೇ ಮಾರಿಕುಪ್ಪಂನಿಂದ ಬರುವ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ಇಳಿಯುವವನು. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಊರಿನ ಸಾವಿರಾರು ಜನರ ಅನ್ನ ಆ ರೈಲಿನ ಮೇಲೇ ನಿಂತಿದೆ. ನಾನು ಬಂಗಾರಪೇಟೆ ತಾಲೂಕಿನ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವನು. ಇಂಗ್ಲಿಷ್ ಬಲ್ಲ ನೆಂಟ ನಾನೊಬ್ಬನೇ ಅಂತ ನನಗೆ ಹೇಳಿಕಳಿಸಿದರು. ಹೋದೆ. ಹಾಳೆ ನೋಡಿದೆ. ಎರಡೂ ಕಿಡ್ನಿಯಲ್ಲಿ ನೀರು ತುಂಬಿದೆ, ಮೂತ್ರಕೋಶ ಉಬ್ಬಿದೆ, ಮಗುವಿನ ಸುತ್ತಲ ನೀರು ತುಸು ಕಡಿಮೆ ಇದೆ, ಅನ್ನುವಷ್ಟು ಬಿಡಿಸಿಕೊಂಡೆ. ಅದರರ್ಥ ಏನು ಅಂತ ನನಗೂ ತಿಳಿಯದು.

ಅವಳು ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಒಂದೇ ಒಂದು ಕೇಳಿದಳು: "ಮಾವ, ಇದು ಗೊತ್ತಾಗ್ದೇನೇ ಇದ್ದಿದ್ರೆ ಚೆನ್ನಾಗಿರ್ತಿತ್ತಾ?"

ನಾನು ಉತ್ತರ ಹೇಳಲಿಲ್ಲ. ತಿಳಿವಳಿಕೆಯೇ ಬಿಡುಗಡೆ ಅಂತ ಸಭೆಗಳಲ್ಲಿ ಮಾತಾಡುವವರು ನಾವು. ಅಕ್ಷರ ಕಲೀರಿ, ತಿಳ್ಕೊಳ್ಳಿ, ಎದ್ದೇಳಿ ಅಂತ ಕೇರಿ ಕೇರಿ ತಿರುಗಿದವರು. ಆ ಗೋಡೆಯ ಮುಂದೆ ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ತಿಳಿದುಕೊಂಡು ಏನೂ ಮಾಡಲಾಗದ ಜಾಗದಲ್ಲಿ ತಿಳಿವಳಿಕೆಗೆ ಏನು ಬೆಲೆ? ಈ ಲೇಖನ ಆ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ.

*

ಮೊದಲು ಸಂಗತಿ ಏನೆಂದು ತಿಳಿಯೋಣ. ತಿಳಿಯದೆ ನೀತಿ ಮಾತಾಡುವುದು ಪುರೋಹಿತರ ಕೆಲಸ.

ಹೊಟ್ಟೆಯೊಳಗಿನ ಮಗು ಉಚ್ಚೆ ಹೊಯ್ಯುತ್ತದೆ. ನಾಲ್ಕು ತಿಂಗಳು ಕಳೆದ ಮೇಲೆ ಮಗುವಿನ ಸುತ್ತ ಇರುವ ನೀರಿನಲ್ಲಿ ಬಹುಪಾಲು ಅದರ ಉಚ್ಚೆಯೇ. ಅದನ್ನೇ ಮಗು ನುಂಗುತ್ತದೆ, ಮತ್ತೆ ಹೊಯ್ಯುತ್ತದೆ. ಆ ನೀರಿನಿಂದಲೇ ಅದರ ಶ್ವಾಸಕೋಶ ಬೆಳೆಯುತ್ತದೆ. ರಕ್ತ ತೊಳೆಯುವ ಕೆಲಸವನ್ನು ಮಗುವಿನ ಕಿಡ್ನಿಯ ಬದಲು ತಾಯಿಯ ಮೈ ಮಾಸಿನ ಮೂಲಕ ಮಾಡುತ್ತಿರುತ್ತದೆ. ಹಾಗಾಗಿ ಕಿಡ್ನಿ ಕೆಟ್ಟ ಮಗುವೂ ಒಳಗೆ ಬದುಕಿರುತ್ತದೆ. ಲೆಕ್ಕ ಶುರುವಾಗುವುದು ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ.

ಸ್ಕ್ಯಾನ್ ಮಾಡಿಸಿದ ನೂರು ಬಸಿರಿನಲ್ಲಿ ಒಂದರಿಂದ ಐದರಲ್ಲಿ ಮಗುವಿನ ಕಿಡ್ನಿಯಲ್ಲಿ ನೀರು ನಿಂತದ್ದು ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಹೆರಿಗೆಗೆ ಮುಂಚೆಯೋ ಆಮೇಲೆ ಒಂದೆರಡು ವರ್ಷದಲ್ಲೋ ತಾವೇ ಸರಿಹೋಗುತ್ತವೆ. ಕೆಲವು ಮಕ್ಕಳಿಗೆ ಕಿಡ್ನಿಯಿಂದ ಇಳಿಯುವ ಕೊಳವೆಯ ಬಾಯಿ ಕಿರಿದಾಗಿರುತ್ತದೆ. ಕೆಲವರಿಗೆ ಮೂತ್ರಕೋಶದಿಂದ ಉಚ್ಚೆ ಹಿಂದಕ್ಕೆ ಹೋಗುತ್ತದೆ. ಕೆಲವು ಸಾವಿರ ಗಂಡುಮಕ್ಕಳಲ್ಲಿ ಒಬ್ಬನಿಗೆ ಉಚ್ಚೆಯ ದಾರಿಯಲ್ಲೇ ತೆಳುವಾದ ಪೊರೆಯಂಥ ಅಡ್ಡ ಬೆಳೆದಿರುತ್ತದೆ, ಕಾಲುವೆಗೆ ತೂಬು ಹಾಕಿದ ಹಾಗೆ. ಆಗ ಮೂತ್ರಕೋಶ ಉಬ್ಬುತ್ತದೆ, ಎರಡೂ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಇನ್ನು ತೀರಾ ಕೆಲವರಿಗೆ ಎರಡೂ ಕಿಡ್ನಿ ಬೆಳೆದೇ ಇರುವುದಿಲ್ಲ. ಆ ಮಕ್ಕಳು ಉಳಿಯುವುದಿಲ್ಲ.

ನೋಡಿ, "ಕಿಡ್ನಿ ಪ್ರಾಬ್ಲಮ್" ಅನ್ನುವ ಒಂದೇ ಮಾತಿನೊಳಗೆ ತಾನೇ ಹೋಗುವ ನೀರೂ ಇದೆ, ಆಪರೇಷನ್ನೂ ಇದೆ, ಸಾವೂ ಇದೆ. ಇವುಗಳಲ್ಲಿ ಯಾವುದು ಅಂತ ಹೇಳದೆ ಬಸುರಿಯ ಕೈಗೆ ಹಾಳೆ ಕೊಟ್ಟು ಕಳಿಸಿದರೆ ಅವಳಿಗೆ ತಿಳಿಸಿದಂತಾಗುವುದಿಲ್ಲ. ಹೆದರಿಸಿದಂತಾಗುತ್ತದೆ.

*

ಆ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ: ಯಾರ ತಪ್ಪು?

ಅತ್ತೆ ಗ್ರಹಣ ನೆನೆಸಿಕೊಂಡಳು. ಬೇಡ ಅಂದ್ರೂ ಈಚೆಗೆ ಬಂದ್ಲು ಅಂದಳು. ಪಕ್ಕದ ಮನೆಯವರು ನೀರು ಕಡಿಮೆ ಕುಡಿದಳು ಅಂದರು. ದೂರದ ನೆಂಟನೊಬ್ಬ ಹೋದ ಜನ್ಮದ್ದು ಅಂದ. ಹೋದ ಜನ್ಮದ ಲೆಕ್ಕ ಕೇಳಿ ಕೇಳಿ ಸಾವಿರಾರು ವರ್ಷ ಕಸ ಗುಡಿಸಿದವರು ನಾವು. ಕರ್ಮ ಅನ್ನುವುದು ನಮ್ಮ ಬೆನ್ನ ಮೇಲೆ ಕೂತ ಸವಾರ. ಅವನನ್ನು ಇಳಿಸಿದೆವು ಅಂದುಕೊಂಡಿದ್ದೆವು. ಮನೆಗೊಂದು ಕಷ್ಟ ಬಂತೋ, ಹಿತ್ತಲ ಬಾಗಿಲಿಂದ ಮತ್ತೆ ಬಂದು ಕೂರುತ್ತಾನೆ. ಈ ಸಲ ಕೂತದ್ದು ಬಸುರಿ ಹೆಂಗಸಿನ ಹೆಗಲ ಮೇಲೆ.

ನಮ್ಮ ಗೆಳೆಯರ ಬಗ್ಗೆಯೂ ಹೇಳಬೇಕು. ಸಂಘಟನೆಯ ಹುಡುಗನೊಬ್ಬ ಸುದ್ದಿ ಕೇಳಿದವನೇ, "ಎಲ್ಲಾ ಸೈನೈಡ್ ಗುಡ್ಡದ ಧೂಳು ಮೇಷ್ಟ್ರೆ, ಇದನ್ನೇ ಹಿಡ್ಕೊಂಡು ಹೋರಾಟ ಮಾಡಾಣ" ಅಂದ. ಗಣಿ ಬಿಟ್ಟುಹೋದ ಆ ಬೂದು ಗುಡ್ಡಗಳ ಧೂಳು ಗಾಳಿ ಎದ್ದಾಗ ನಮ್ಮ ಅನ್ನದ ತಟ್ಟೆಗೂ ಬೀಳುತ್ತದೆ. ಅದರ ವಿರುದ್ಧ ಹೋರಾಡಲೇಬೇಕು. ಆದರೆ ಈ ಮಗುವಿನ ಈ ತಡೆಗೆ ಆ ಧೂಳೇ ಕಾರಣ ಅನ್ನಲು ನಮ್ಮ ಹತ್ತಿರ ಏನು ಆಧಾರ? ಇಂಥ ತಡೆ ಧೂಳು ಕಾಣದ ಊರಿನಲ್ಲೂ, ಸಾಹುಕಾರರ ಮನೆಯಲ್ಲೂ ಆಗುತ್ತದೆ. ಹೆಚ್ಚಿನವಕ್ಕೆ ಇಂಥದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಬರುವುದಿಲ್ಲ. ಆಧಾರವಿಲ್ಲದೆ ಕಾರಣ ಹೇಳಿದರೆ ನಾವೂ ಪಂಚಾಂಗ ಓದಿದ ಹಾಗೇ. ನಾಳೆ ಅದೇ ಮಾತು ತಿರುಗಿ, "ಅಲ್ಲಿ ಯಾಕಿದ್ದೆ, ತವರಿಗೆ ಯಾಕೆ ಹೋಗ್ಲಿಲ್ಲ" ಅಂತ ಆ ತಾಯಿಗೇ ಬಡಿಯುತ್ತದೆ.

ತಪ್ಪಿತಸ್ಥರೇ ಇಲ್ಲದ ಕಷ್ಟಗಳೂ ಇವೆ. ಇದನ್ನು ಒಪ್ಪುವುದು ಹೋರಾಟಗಾರನಿಗೆ ಬಲು ಕಷ್ಟ. ನಮಗೆ ಎದುರಿಗೊಬ್ಬ ಬೇಕು. ಆದರೆ ಕಾಯಿಲೆಗೆ ತಪ್ಪಿತಸ್ಥರಿಲ್ಲದಿದ್ದರೂ ಆರೈಕೆ ಸಿಗದ್ದಕ್ಕೆ ಇರುತ್ತಾರೆ. ಇವೆರಡನ್ನು ಬೇರೆ ಬೇರೆ ಇಟ್ಟು ನೋಡುವುದು ಕಲಿಯಬೇಕು.

*

ಎರಡನೆಯ ಪ್ರಶ್ನೆ: ಈ ತಿಳಿವಳಿಕೆ ಯಾರಿಗಾಗಿ?

ಕೆಜಿಎಫ್ ಮಣ್ಣಿನಲ್ಲಿ ಇದು ಹೊಸ ಪ್ರಶ್ನೆಯಲ್ಲ. ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಲ್ಲಾಗುವ ಸಿಲಿಕೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಯಿಂದ, 1947ರಲ್ಲಿ ಅಂತ ವೈದ್ಯಕೀಯ ಪುಸ್ತಕಗಳಲ್ಲಿದೆ. ಗಣಿ ಶುರುವಾಗಿ ಆಗಲೇ ಅರವತ್ತು ವರ್ಷದ ಮೇಲಾಗಿತ್ತು. ಎದೆಯೊಳಗಿನ ಚಿತ್ರ ತೆಗೆದರು. ಏನಾಗಿದೆಯೆಂದು ಗೊತ್ತಾಯಿತು. ಗೊತ್ತಾದ ಮೇಲೆ ಗಣಿಯೇನೂ ನಿಲ್ಲಲಿಲ್ಲ. ಮೈಯೊಳಗೆ ಕಂಡದ್ದು ಆ ಮೈಯವನ ಕೈಗೆ ಆಸರೆಯಾಗಿ ಬರದಿದ್ದರೆ ಅದು ಬರೀ ದಫ್ತರಿನ ಕಾಗದ.

ಸ್ಕ್ಯಾನ್ ಯಂತ್ರದ ಕತೆಯನ್ನೂ ಕೇಳಿ. ಹಡಗು, ಬಾಯ್ಲರುಗಳ ಲೋಹದಲ್ಲಿ ಒಳಬಿರುಕು ಇದೆಯೇ ಎಂದು ಶಬ್ದದ ಅಲೆ ಹಾಯಿಸಿ ಹುಡುಕುವ ಸಾಧನ ಕಾರ್ಖಾನೆಗಳಲ್ಲಿತ್ತು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಎಂಬ ಹೆರಿಗೆ ವೈದ್ಯರು, ಟಾಮ್ ಬ್ರೌನ್ ಎಂಬ ಇಂಜಿನಿಯರ್ ಮುಂತಾದವರು ಅದನ್ನು ಹೆಂಗಸರ ಹೊಟ್ಟೆಯ ಮೇಲೆ ಇಟ್ಟು ನೋಡಿದರು. 1958ರಲ್ಲಿ ಅವರ ಬರಹ ಪ್ರಕಟವಾಯಿತು. ದೊಡ್ಡ ಕೆಲಸ ಅದು. ಎಷ್ಟೋ ತಾಯಂದಿರ ಜೀವ ಉಳಿಸಿದೆ. ಆದರೆ ಲೋಹದಲ್ಲಿ ಬಿರುಕು ಕಂಡರೆ ಕಾರ್ಖಾನೆಯವರು ಆ ತುಂಡನ್ನು ಗುಜರಿಗೆ ಎಸೆಯುತ್ತಾರೆ. ಮಗುವಿನಲ್ಲಿ ಬಿರುಕು ಕಂಡಾಗ? ಯಂತ್ರ ತೋರಿಸುವುದು ಇಷ್ಟು ಮಿಲಿಮೀಟರ್ ನೀರು ಎಂದು. ಎಸೆಯಬೇಕೋ ಸಾಕಬೇಕೋ ಅನ್ನುವುದು ನಮ್ಮ ಮಾತು.

ಇನ್ನು ಆರೈಕೆಯ ವಿಷಯ. ಗಣಿಯ ಜೊತೆ 2001ರಲ್ಲಿ ಗಣಿಯ ದೊಡ್ಡ ಆಸ್ಪತ್ರೆಯೂ ಮುಚ್ಚಿತು. ಇಪ್ಪತ್ತು ವರ್ಷ ಪಾಳು ಬಿದ್ದಿದ್ದ ಅದನ್ನು 2021ರಲ್ಲಿ ಕೋವಿಡ್ ಬಂದಾಗ ಊರವರೇ ಗುಡಿಸಿ ತೊಳೆದರು. ಮಕ್ಕಳ ಕಿಡ್ನಿ ನೋಡುವ ತಜ್ಞರಿಗಾಗಿ ನಮ್ಮವರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೇ ಹೋಗಬೇಕು. 2013ರಲ್ಲಿ ಮಕ್ಕಳ ಹುಟ್ಟುನ್ಯೂನತೆಗಳನ್ನು ಹುಡುಕಿ ಚಿಕಿತ್ಸೆ ಕೊಡಿಸಲೆಂದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ಒಳ್ಳೆಯ ಯೋಜನೆ. ಸೀಳುತುಟಿ, ಹೃದಯದ ತೊಂದರೆ, ಸೊಟ್ಟ ಪಾದ, ಕಣ್ಣಿನ ಪೊರೆ ಎಲ್ಲ ಅದರ ಪಟ್ಟಿಯಲ್ಲಿದ್ದವು. ಆಗ ಹೊರಡಿಸಿದ 30 ತೊಂದರೆಗಳ ಪಟ್ಟಿಯಲ್ಲಿ ಕಿಡ್ನಿ, ಮೂತ್ರದ ದಾರಿಯ ಹುಟ್ಟುತೊಂದರೆ ಇರಲಿಲ್ಲ. ಯಂತ್ರ ಕಂಡುಹಿಡಿಯುತ್ತದೆ, ಪಟ್ಟಿ ಕಾಣುವುದಿಲ್ಲ. ತಪ್ಪಿತಸ್ಥರನ್ನು ಹುಡುಕುವುದಾದರೆ ಇಲ್ಲಿ ಹುಡುಕೋಣ.

*

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಹಿ: ತೀರ್ಮಾನ ಯಾರದು?

ಮೊದಲ ವಾರ ಆ ಮನೆಯ ಹಿರಿಯರ ಮಾತು ಒಂದೇ ಆಗಿತ್ತು: "ತೆಗಿಸ್ಬುಡಿ. ವಯಸ್ಸೈತೆ, ಇನ್ನೊಂದಾಗ್ತದೆ." ಬೆಂಗಳೂರಿನಲ್ಲಿ ನೋಡಿದ ಡಾಕ್ಟರಮ್ಮ ಒಳ್ಳೆಯವರು, ಕೂರಿಸಿ ಚಿತ್ರ ಬರೆದು ತೋರಿಸಿದರು. ಕಾಯಿಲೆಯ ಹೆಸರು ಹೇಳಲಿಲ್ಲ, ಉಚ್ಚೆಯ ದಾರಿಯಲ್ಲಿ ಏನೋ ತಡೆ ಇರಬಹುದು ಅಂದರು. ಯಾಕೆ ಹೆಸರು ಹೇಳಲಿಲ್ಲ ಅಂತ ನನಗೆ ಆಮೇಲೆ ಹೊಳೆಯಿತು. 1994ರ ಕಾನೂನಿನ ಪ್ರಕಾರ ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಎಂದು ಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ ಯಾರೂ ಹೇಳಕೂಡದು. ಆದರೆ ಆ ಪೊರೆಯ ಕಾಯಿಲೆ ಬರುವುದು ಗಂಡುಮಕ್ಕಳಿಗೆ ಮಾತ್ರ. ಹೆಸರು ಹೇಳಿದರೆ ಗಂಡು ಅಂತ ಹೇಳಿದಂತೆಯೇ.

ಅವರು ಮುಚ್ಚಿಟ್ಟದ್ದನ್ನು ಮೊಬೈಲು ನೋಡಿ ಒಬ್ಬ ನೆಂಟ ಬಿಚ್ಚಿದ. "ಇದು ಗಂಡಿಗೇ ಬರೋದು" ಅಂದ. ಆ ರಾತ್ರಿಯಿಂದ ಮನೆಯ ದನಿ ಬದಲಾಯಿತು. ತೆಗೆಸಿ ಅಂದವರೇ, "ಎಷ್ಟಾದ್ರೂ ಆಗ್ಲಿ, ಉಳಿಸ್ಕೊಳ್ಳಾಣ" ಅಂದರು. ಕಿವಿಯೋಲೆ ಅಡ ಇಡಲು ಅತ್ತೆಯೇ ಮುಂದಾದಳು.

ನನ್ನ ಅಕ್ಕನ ಮಗಳು ಅಂದು ಅತ್ತಷ್ಟು ಸುದ್ದಿ ಬಂದ ದಿನವೂ ಅತ್ತಿರಲಿಲ್ಲ. "ಹೆಣ್ಣಾಗಿದ್ದಿದ್ರೆ ಮಾವ?" ಅಂದಳು. ನೀರು ಅದೇ, ಕಿಡ್ನಿ ಅದೇ, ಮಿಲಿಮೀಟರ್ ಅದೇ. ಬದಲಾದದ್ದು ಒಂದೇ. ದಲಿತರ ಮನೆ, ಸಂಘಟನೆಯ ಮನೆ, ಗೋಡೆಯ ಮೇಲೆ ಬಾಬಾಸಾಹೇಬರ ಪಟ. ಪಟದ ಕೆಳಗೇ ಈ ಮಾತು ನಡೆಯಿತು. ಮನುವನ್ನು ಸುಟ್ಟ ಬೂದಿ ನಮ್ಮ ಅಂಗಳದಲ್ಲೇ ಇನ್ನೂ ಬಿಸಿಯಾಗಿದೆ.

ಕಾನೂನು ಏನನ್ನುತ್ತದೆ? 1971ರ ಗರ್ಭಪಾತ ಕಾನೂನಿಗೆ 2021ರಲ್ಲಿ ತಿದ್ದುಪಡಿ ಬಂತು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ, 20ರಿಂದ 24 ವಾರದವರೆಗೆ ನಿಯಮದಲ್ಲಿ ಹೇಳಿದ ಹೆಂಗಸರಿಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಮಗುವಿಗೆ ಗಂಭೀರ ನ್ಯೂನತೆ ಇದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ ಆಮೇಲೂ ಆಗಬಹುದು. ವಯಸ್ಕ ಹೆಂಗಸಾದರೆ ಒಪ್ಪಿಗೆ ಬೇಕಾಗಿರುವುದು ಅವಳೊಬ್ಬಳದೇ. ಗಂಡನದಲ್ಲ, ಅತ್ತೆಯದಲ್ಲ, ಮೇಷ್ಟ್ರಾದ ಮಾವನದೂ ಅಲ್ಲ. ಕಾಗದದ ಮೇಲೆ ಹೀಗೆ. ಮನೆಯೊಳಗೆ ಎಲ್ಲರೂ ಮಾತಾಡಿದರು, ಅವಳನ್ನು ಬಿಟ್ಟು.

*

ಇಲ್ಲಿ ನನ್ನ ತಲೆಯಲ್ಲಿ ಒಂದು ವಿಚಾರ ಹುಟ್ಟಿತು. ಜಾತಿ ಅನ್ನುವುದು ಈ ದೇಶದ ಹಳೆಯ ಗರ್ಭಪರೀಕ್ಷೆ ಅಲ್ಲವೆ? ಯಂತ್ರವಿಲ್ಲ, ಚಿತ್ರವಿಲ್ಲ. ತಾಯಿ ಯಾವ ಕೇರಿಯವಳು ಅಂತ ಕೇಳಿ, ಹುಟ್ಟುವ ಮಗು ಎಷ್ಟು ಬೆಲೆಯದು, ಯಾವ ಕೆಲಸದ್ದು, ಯಾವ ಬಾವಿಯದ್ದು ಎಂದು ಮೊದಲೇ ಬರೆದುಬಿಟ್ಟರು. ನಾವೆಲ್ಲ ಹುಟ್ಟುವ ಮೊದಲೇ ದೋಷ ಇದೆ ಅನ್ನಿಸಿಕೊಂಡು ಬಂದವರು. ಹಾಗಾಗಿ ಹುಟ್ಟದ ಮಗುವಿನ ಬೆಲೆ ಕಟ್ಟುವ ಮಾತು ಬಂದಾಗ ನಮ್ಮ ಮೈ ಮೊದಲು ಜುಮ್ಮೆನ್ನಬೇಕು.

ಆದರೆ ಈ ಹೋಲಿಕೆಯನ್ನು ಎಲ್ಲಿಗೆ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತೇನೆ. ಜಾತಿಯ ದೋಷ ಸುಳ್ಳು. ಕಿಡ್ನಿಯ ನೀರು ನಿಜ. ಸುಳ್ಳನ್ನು ಅಲ್ಲಗಳೆದರೆ ಸಾಕು, ನಿಜಕ್ಕೆ ಚಿಕಿತ್ಸೆ ಬೇಕು. ಸುಳ್ಳಾಗಿರುವುದು ಆ ನಿಜದ ಮೇಲೆ ಹೊರಿಸುವ ತೀರ್ಪು. ಇದು ಬೇಡದ ಮಗು ಅಂತ ಯಾವ ಕಿಡ್ನಿಯಲ್ಲೂ ಬರೆದಿರುವುದಿಲ್ಲ. ಹಾಗೆಯೇ, ಎಲ್ಲ ಮಗುವನ್ನೂ ಹೆರಲೇಬೇಕು ಅಂತ ಹೆಂಗಸಿಗೆ ಅಪ್ಪಣೆ ಕೊಡುವ ಹಕ್ಕೂ ನಮಗಿಲ್ಲ. ಬೇರೆಯವರ ಅಪ್ಪಣೆಯಂತೆ ಮೈ ಸವೆಸುವುದನ್ನೇ ಅಲ್ಲವೆ ನಾವು ಜೀತ ಅಂದದ್ದು?

ಬಂಗಾರಪೇಟೆಯ ಹತ್ತಿರದ ಹಳ್ಳಿಯ ಒಬ್ಬ ಕೂಲಿ ಹೆಂಗಸಿನ ಕತೆ ಹೇಳಬೇಕು. ಅವಳ ಮಗುವಿಗೆ ಎರಡೂ ಕಿಡ್ನಿ ಇರಲಿಲ್ಲ. ಸುತ್ತಲ ನೀರು ಬತ್ತಿತ್ತು. ಶ್ವಾಸಕೋಶ ಬೆಳೆಯೋದಿಲ್ಲ, ಉಳಿಯೋದಿಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದರು. ತೆಗೆಸುವ ದಾರಿಯನ್ನೂ ಹೇಳಿದರು. ಅವಳು ಹೊತ್ತಳು, ಹೆತ್ತಳು. ಮಗು ಮೂರು ಗಂಟೆ ಇತ್ತು. ಆರು ತಿಂಗಳ ಮೇಲೆ ಸಿಕ್ಕಾಗ ಅವಳೇ ಹೇಳಿದಳು: "ಮೂರು ಗಂಟೇನೂ ನನ್ ಎದೆ ಮೇಲೇ ಇತ್ತು ಸಾರ್. ಗೊತ್ತಿತ್ತಲ್ಲ, ಅದಕ್ಕೇ ಯಾರ್ ಕೇಳಿದ್ರೂ ಕೆಳಗಿಳಿಸ್ಲಿಲ್ಲ."

ಬೇರೊಬ್ಬಳು ಅದೇ ಸುದ್ದಿ ಕೇಳಿ ತೆಗೆಸಿಕೊಂಡಿದ್ದರೆ ಅವಳೇನೂ ಕಡಿಮೆಯ ತಾಯಿಯಲ್ಲ. ಬಾಬಾಸಾಹೇಬರೂ ರಮಾಬಾಯಿಯವರೂ ಐದು ಮಕ್ಕಳಲ್ಲಿ ನಾಲ್ವರನ್ನು ಮಣ್ಣಿಗೆ ಕೊಟ್ಟವರು. ಮಗುವಿನ ಸಾವನ್ನು ತೂಗುವ ತಕ್ಕಡಿ ಯಾರ ಹತ್ತಿರವೂ ಇಲ್ಲ.

*

ನಮ್ಮ ಹುಡುಗಿ ಕಾದಳು. ಕಾಯುವುದು ಅಂದರೆ ಸುಮ್ಮನೆ ಕೂರುವುದಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ರೈಲು, ಸ್ಕ್ಯಾನ್, ಗಂಡನ ಒಂದು ದಿನದ ಕೂಲಿ ಖೋತಾ. ಹೊಟ್ಟೆಯೊಳಗಿರುವಾಗಲೇ ಮಗುವಿನ ಮೂತ್ರಕೋಶಕ್ಕೆ ಕೊಳವೆ ಹಾಕುವ ವಿಧಾನ ಇದೆಯಂತೆ ಅಂತ ಯಾರೋ ಹೇಳಿದರು. ಅದನ್ನು ಒರೆಗೆ ಹಚ್ಚಲು ಬ್ರಿಟನ್ ಮುಂತಾದ ದೇಶಗಳ ವೈದ್ಯರು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸೇರಿದವರು ಬರೀ 31 ಬಸುರಿಯರು. ಗಟ್ಟಿ ಉತ್ತರ ಸಿಗಲಿಲ್ಲ. ಮಗು ಉಳಿದರೂ ಕಿಡ್ನಿ ಸರಿಯಾಗಿ ಉಳಿದದ್ದು ಬಹಳ ಕಡಿಮೆ. ಉಳ್ಳವರ ದೇಶದ ಡಾಕ್ಟರಿಗೂ ಇದರ ಮುಂದೆ ಕೈ ಕಟ್ಟಿದೆ ಎಂದು ತಿಳಿದಾಗ, ನಾವು ಬಡವರು ಅಂತಲೇ ಮಗುವಿಗೆ ಇದು ತಪ್ಪಿತು ಅನ್ನುವ ಒಂದು ಸಂಕಟವಾದರೂ ಅವಳಿಗೆ ಇಳಿಯಿತು.

ಈ ದಾರಿಯಲ್ಲಿ ಕಲಿತದ್ದನ್ನು ಓದುಗರಿಗಾಗಿ ಬರೆದಿಡುತ್ತೇನೆ. ಡಾಕ್ಟರ ಹತ್ತಿರ ಒಬ್ಬಳನ್ನೇ ಕಳಿಸಬೇಡಿ. ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಿ: ಒಂದು ಕಿಡ್ನಿಯೋ ಎರಡೋ? ಮೂತ್ರಕೋಶ ಹೇಗಿದೆ? ಸುತ್ತಲ ನೀರು ಸಾಕಷ್ಟಿದೆಯೋ? ಮುಂದಿನ ಸ್ಕ್ಯಾನ್ ಯಾವಾಗ? ಹೆರಿಗೆ ಎಲ್ಲಿ ಆಗಬೇಕು? ತಡೆಯ ಅನುಮಾನ ಇದ್ದರೆ ಹಸುಗೂಸಿನ ಆರೈಕೆ ಇರುವ ಕಡೆಯೇ ಹೆರಿಗೆ ಆಗಬೇಕು. ಸಾಮಾನ್ಯವಾಗಿ ಹುಟ್ಟಿ ಎರಡು ದಿನ ಕಳೆದ ಮೇಲೆ ಸ್ಕ್ಯಾನ್ ಮಾಡುತ್ತಾರೆ, ಮೊದಲೇ ಮಾಡಿದರೆ ನೀರು ಕಡಿಮೆ ಕಂಡು ಮೋಸವಾಗಬಹುದು. ಮೂತ್ರಕೋಶದ ಕೆಳಗೆ ತಡೆ ಇದೆ ಅನ್ನಿಸಿದರೆ ಅಷ್ಟು ಕಾಯುವುದಿಲ್ಲ. ಮಗು ಚೆನ್ನಾಗಿ ಕಂಡಿತು ಅಂತ ಆಮೇಲಿನ ಸ್ಕ್ಯಾನ್ ಬಿಡಬೇಡಿ. ಉಚ್ಚೆ ತೊಟ್ಟಿಕ್ಕಿದರೆ, ಜ್ವರ ಬಂದರೆ ಆ ದಿನವೇ ಹೋಗಿ. ನೀರು ಸ್ವಲ್ಪವೇ ಇದೆ, ಒಂದೇ ಕಡೆ ಇದೆ ಅಂದರೆ ನಿದ್ದೆ ಮಾಡಿ. ಅದಕ್ಕೂ ಹಕ್ಕಿದೆ.

ಗಂಡುಮಗುವೇ ಹುಟ್ಟಿತು. ಮೊದಲ ದಿನವೇ ಉಚ್ಚೆಗೆ ಸಣ್ಣ ನಳಿಕೆ ಹಾಕಿದರು. ವಾರದೊಳಗೆ ಒಳಗೆ ದುರ್ಬೀನು ಹಾಕಿ ಪೊರೆ ಕತ್ತರಿಸಿದರು. ಒಂದು ಕಿಡ್ನಿ ಚೆನ್ನಾಗಿದೆ, ಇನ್ನೊಂದು ಸೋತಿದೆ. ಮುಂದೆ ಏನಾಗುತ್ತದೋ ಹೇಳಲು ಬರುವುದಿಲ್ಲ, ದೊಡ್ಡವನಾಗುವವರೆಗೂ ನೋಡುತ್ತಲೇ ಇರಬೇಕು ಅಂದಿದ್ದಾರೆ.

ನಳಿಕೆ ತೆಗೆದ ದಿನ ನಾನೂ ಇದ್ದೆ. ಮಗು ಅತ್ತೆಯ ಮಡಿಲಲ್ಲಿ ಮಲಗಿ ನೆಟ್ಟಗೆ ಧಾರೆಯಾಗಿ ಉಚ್ಚೆ ಹೊಯ್ತು. ಅವಳ ಸೀರೆ, ನನ್ನ ಅಂಗಿ ಎಲ್ಲ ನೆನೆಯಿತು. ಅತ್ತೆ ಅಳುತ್ತಾ ನಗುತ್ತಾ ಕೂತಳು, ಒರೆಸಿಕೊಳ್ಳಲಿಲ್ಲ. ಇದೇ ಕೆಜಿಎಫ್‌ನಲ್ಲಿ ನಮ್ಮ ಜನ ಊರಿನವರ ಒಣ ಕಕ್ಕಸು ಬಳಿದು ತಲೆಯ ಮೇಲೆ ಹೊತ್ತರು. ಅಂಥ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಆ ಕೆಲಸವನ್ನು ಕೊನೆಗಾಣಿಸಲು ದೇಶವೆಲ್ಲ ತಿರುಗಿದರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಉಚ್ಚೆ ಹೇಲು ಮೈಲಿಗೆ, ಅದನ್ನು ಮುಟ್ಟಿದವರು ಮೈಲಿಗೆ ಅಂದ ಸಮಾಜ ಇದು. ಆ ದಿನ ಆ ವಾರ್ಡಿನಲ್ಲಿ ಪಕ್ಕದ ಮಂಚದ ಮೇಲ್ಜಾತಿ ತಾಯಿಯೂ ತನ್ನ ಮಗುವಿನ ಒಂದು ತೊಟ್ಟು ಉಚ್ಚೆಗೆ ಕಾಯುತ್ತಿದ್ದಳು. ನಮ್ಮ ಮಗುವಿನ ಧಾರೆ ನೋಡಿ ಅವಳ ಕಣ್ಣಲ್ಲೂ ನೀರು ಬಂತು.

ಮೊನ್ನೆ ಅವಳ ಹಳೆಯ ಪ್ರಶ್ನೆಯನ್ನು ನಾನೇ ನೆನಪಿಸಿದೆ. "ಗೊತ್ತಾಗಿದ್ದು ಒಳ್ಳೇದೇ ಆಯ್ತು ಮಾವ," ಅಂದಳು. "ಆದ್ರೆ ಆ ಮೊದ್ಲ ವಾರ ಇತ್ತಲ್ಲ, ಗೊತ್ತಿತ್ತು, ಹೇಳೋರು ಯಾರೂ ಇರ್ಲಿಲ್ಲ. ಅಂಥ ವಾರ ಯಾರಿಗೂ ಬೇಡ."

ನನ್ನ ಉತ್ತರವೂ ಅಷ್ಟೆ. ತಿಳಿಯುವುದು ಒಳ್ಳೆಯದೇ, ಜೊತೆಗೆ ನಿಲ್ಲುವವರು ಇದ್ದರೆ. ಗೆಳೆಯರೆ, ಮೇಷ್ಟ್ರುಗಳೆ, ವಿದ್ಯಾರ್ಥಿಗಳೆ, ನಿಮ್ಮ ಕೇರಿಯಲ್ಲೂ ಇಂಥ ಒಂದು ಹಾಳೆ ಇವತ್ತೋ ನಾಳೆಯೋ ಬರುತ್ತದೆ. ಹೋಗಿ ಪಕ್ಕದಲ್ಲಿ ಕೂತು ಅವಳ ಭಾಷೆಯಲ್ಲಿ ಅದನ್ನು ಓದಿ ಹೇಳಿ. ನಿಮಗೆ ತಿಳಿಯದ್ದನ್ನು ತಿಳಿಯದು ಅನ್ನಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಆಮೇಲೆ, ಪಟ್ಟಿಯಲ್ಲಿ ಯಾಕಿಲ್ಲ, ತಜ್ಞರು ಕೋಲಾರಕ್ಕೆ ಯಾಕೆ ಬರುವುದಿಲ್ಲ ಅಂತ ಕೇಳಲು ಒಟ್ಟಾಗಿ ಹೊರಡೋಣ. ತೀರ್ಮಾನದ ಹೊತ್ತು ಬಂದಾಗ ಮಾತ್ರ ನಾವು ಬಾಯಿ ಮುಚ್ಚಿ, ಅವಳ ಮಾತಿಗೆ ಕಾಯೋಣ.